ಒಂದೇ ಅರ್ಥವೆಂದು ತೋರುವ ಇಂಗ್ಲಿಷ್ ಪದಗಳು: ವಿಜ್ಞಾನದಲ್ಲಿ ಅವುಗಳ ಭೇದ

ಇಂಗ್ಲಿಷಿನಲ್ಲಿ ವಿಜ್ಞಾನವನ್ನು ಓದಲಾರಂಭಿಸುವ ನಮ್ಮ ವಿದ್ಯಾರ್ಥಿಗೆ ಅಪರಿಚಿತ ಪದಗಳಿಂದ ಅಷ್ಟಾಗಿ ತೊಡಕಿಲ್ಲ. ಅರಿಯದ ಪದವು ಅರಿಯದ್ದೆಂದೇ ಕಣ್ಣಿಗೆ ಬೀಳುವುದರಿಂದ ಆತನು ನಿಘಂಟನ್ನು ತೆರೆಯುತ್ತಾನೆ. ಸಂಶಯವು ಅಲ್ಲಿಗೆ ತೀರುತ್ತದೆ. ನಿಜವಾಗಿ ಕಾಡುವ ಪದಗಳು ಬೇರೆ. ಅವು ಪ್ರಾಥಮಿಕ ಶಾಲೆಯ ಕಾಲದಿಂದಲೂ ಬಳಕೆಯಲ್ಲಿರುವಂಥವು; ನಿತ್ಯದ ಮಾತಿನಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ಯಾವ ತಡೆಯೂ ಇಲ್ಲದೆ ಬಂದು ಕೂಡುವಂಥವು. 'ಹೀಟ್' ಮತ್ತು 'ಟೆಂಪರೇಚರ್', 'ಮಾಸ್' ಮತ್ತು 'ವೆಯ್ಟ್', 'ಸ್ಪೀಡ್' ಮತ್ತು 'ವೆಲಾಸಿಟಿ', 'ಪವರ್' ಮತ್ತು 'ಎನರ್ಜಿ' ಎಂಬ ಜೋಡಿಗಳನ್ನು ಇಲ್ಲಿ ನೆನೆಯಬಹುದು. ನಿಘಂಟು ಕೂಡ ಈ ಸಂದರ್ಭದಲ್ಲಿ ಹೆಚ್ಚಿನ ನೆರವನ್ನು ನೀಡಲಾರದು. ಅನೇಕ ವೇಳೆ ಒಂದು ಪದಕ್ಕೆ ಕೊಟ್ಟ ಅರ್ಥವನ್ನೇ ಇನ್ನೊಂದಕ್ಕೂ ಕೊಟ್ಟು ಸುಮ್ಮನಾಗುತ್ತದೆ.

ಸಂಭಾಷಣೆಯಲ್ಲಿ ಇದರಿಂದ ಬಾಧಕವೇನೂ ಇಲ್ಲ. ಆದರೆ ವಿಜ್ಞಾನದಲ್ಲಿ ಈ ಪದಗಳು ಪರ್ಯಾಯ ಪದಗಳಲ್ಲ. ಅವುಗಳ ನಡುವಣ ಭೇದವು ಪಂಡಿತರು ಕೇವಲ ವಾದಕ್ಕಾಗಿ ಹುಟ್ಟಿಸಿದ್ದೂ ಅಲ್ಲ. ಅದು ಪ್ರಕೃತಿಯಲ್ಲಿಯೇ ಇರುವ ಭೇದ. ಆ ಭೇದವನ್ನು ಕಡೆಗಣಿಸಿದವರು ಕೈಸುಟ್ಟುಕೊಂಡದ್ದುಂಟು, ಕೋಟಿಗಟ್ಟಲೆ ಹಣವನ್ನು ಕಳೆದುಕೊಂಡದ್ದುಂಟು. ಆದುದರಿಂದ ಅಂಥ ಕೆಲವು ಜೋಡಿಗಳನ್ನು ಇಲ್ಲಿ ವಿಚಾರ ಮಾಡೋಣ.

ಒಂದು ಒರೆಗಲ್ಲು

ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಈ ಪದಗಳನ್ನು ಬೇರ್ಪಡಿಸುವುದು ಕಷ್ಟ. ಪರೀಕ್ಷೆ ಮುಗಿದ ಮರುವಾರವೇ ಅವು ಮತ್ತೆ ಒಂದಾಗಿಬಿಡುತ್ತವೆ. ಇದಕ್ಕಿಂತ ಸುಲಭವಾದ ಉಪಾಯವೊಂದುಂಟು. ಎರಡು ಪದಗಳು ಒಂದೇ ಅರ್ಥದವೋ ಅಲ್ಲವೋ ಎಂಬ ಸಂಶಯ ಬಂದಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೆ: ಒಂದು ಬದಲಾಗದೆ ನಿಂತಿರುವಾಗ ಇನ್ನೊಂದು ಬದಲಾಗಬಲ್ಲುದೆ? ಬದಲಾಗಬಲ್ಲುದಾದರೆ ಅವೆರಡೂ ಬೇರೆ ಬೇರೆ ವಸ್ತುಗಳ ಹೆಸರುಗಳು. ಒಂದೇ ವಸ್ತುವಿನ ಎರಡು ಹೆಸರುಗಳಾಗಿರಲು ಸಾಧ್ಯವೇ ಇಲ್ಲ. ಅಂಥ ಒಂದೇ ಒಂದು ನಿದರ್ಶನವು ಮನಸ್ಸಿನಲ್ಲಿ ನಿಂತಿತೆಂದರೆ ವ್ಯಾಖ್ಯೆ ತಾನಾಗಿಯೇ ಒದಗುತ್ತದೆ. ಈ ಒರೆಗಲ್ಲಿಗೆ ಪದಗಳನ್ನು ಒಂದೊಂದಾಗಿ ತಿಕ್ಕಿ ನೋಡೋಣ.

'ಹೀಟ್' ಮತ್ತು 'ಟೆಂಪರೇಚರ್'

ಪಾತ್ರೆಯೊಂದರಲ್ಲಿ ಮಂಜುಗಡ್ಡೆಯ ಚೂರುಗಳನ್ನು ತುಂಬಿ, ಅವುಗಳ ನಡುವೆ ಉಷ್ಣತಾಮಾಪಕವನ್ನು ನಿಲ್ಲಿಸಿ, ಸಣ್ಣ ಉರಿಯ ಮೇಲೆ ಇಟ್ಟು ಕಲಕುತ್ತಿದ್ದೇವೆಂದು ಭಾವಿಸೋಣ. ಉರಿಯಿಂದ ಶಾಖವು ಎಡೆಬಿಡದೆ ಪಾತ್ರೆಗೆ ಹರಿಯುತ್ತಿದೆ. ಮಂಜುಗಡ್ಡೆ ಕರಗುತ್ತಲೂ ಇದೆ. ಆದರೆ ಮಾಪಕದ ಪಾದರಸವು ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ನಿಂತಿರುತ್ತದೆ. ಕೊನೆಯ ಚೂರು ಕರಗುವವರೆಗೂ ಅದು ಮೇಲೇರುವುದಿಲ್ಲ. ಅಂದರೆ 'ಹೀಟ್' ಒಳಸೇರುತ್ತಿದ್ದರೂ 'ಟೆಂಪರೇಚರ್' ಕದಲಲಿಲ್ಲ. ಒರೆಗಲ್ಲು ತನ್ನ ತೀರ್ಪನ್ನು ಕೊಟ್ಟಿತು: ಇವೆರಡೂ ಬೇರೆ.

ಈ ಭೇದವನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವನು ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್. ೧೭೬೦ರ ದಶಕದ ಆರಂಭದಲ್ಲಿ ಆತನು ಮಂಜುಗಡ್ಡೆ ಕರಗುವಾಗ ಹೀಗೆ ಅಡಗಿಕೊಳ್ಳುವ ಶಾಖವನ್ನು ಅಳೆದನು. ನಾವು ಅದನ್ನು ಇಂದು ಗುಪ್ತೋಷ್ಣವೆಂದು ಕರೆಯುತ್ತೇವೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು ೮೦ ಕ್ಯಾಲೊರಿಗಳೂ, ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೪೦ ಕ್ಯಾಲೊರಿಗಳೂ ಬೇಕು. ಗುಪ್ತೋಷ್ಣವೆಂಬುದು ಇಲ್ಲದಿದ್ದಲ್ಲಿ ಚಳಿಯ ದೇಶಗಳ ಹಿಮರಾಶಿಯೆಲ್ಲವೂ ವಸಂತದ ಮೊದಲ ಬಿಸಿಲಿಗೇ ಒಮ್ಮೆಗೆ ಕರಗಿ ಪ್ರವಾಹವಾಗುತ್ತಿತ್ತೆಂದು ಬ್ಲ್ಯಾಕನು ವಾದಿಸಿದನು.

ಈ ಲೆಕ್ಕವು ನಮ್ಮ ಅಡಿಗೆಮನೆಗೂ ಸಂಬಂಧಪಟ್ಟದ್ದು. ನೂರು ಡಿಗ್ರಿಯ ಒಂದು ಗ್ರಾಂ ನೀರು ಕೈಮೇಲೆ ಬಿದ್ದು ಶರೀರದ ಉಷ್ಣತೆಯಾದ ೩೭ ಡಿಗ್ರಿಗೆ ಇಳಿಯುವಷ್ಟರಲ್ಲಿ ಕೊಡಬಹುದಾದ ಶಾಖ ೬೩ ಕ್ಯಾಲೊರಿ. ಅದೇ ನೂರು ಡಿಗ್ರಿಯ ಒಂದು ಗ್ರಾಂ ಹಬೆಯು ಚರ್ಮದ ಮೇಲೆ ನೀರಾಗುವಾಗ ಮೊದಲು ೫೪೦ ಕ್ಯಾಲೊರಿಗಳನ್ನು ಕೊಟ್ಟು, ಆಮೇಲೆ ಉಳಿದ ೬೩ನ್ನೂ ಕೊಡಬಲ್ಲುದು. ಉಷ್ಣತೆ ಒಂದೇ, ಶಾಖವೋ ಒಂಬತ್ತು ಪಟ್ಟಿಗೂ ಮಿಕ್ಕಿದ್ದು. ಇಡ್ಲಿಯ ಪಾತ್ರೆಯ ಮುಚ್ಚಳವನ್ನು ತೆಗೆಯುವಾಗ ಮುಖವನ್ನೂ ಕೈಯನ್ನೂ ದೂರವಿಡಬೇಕೆಂದು ಹಿರಿಯರು ಎಚ್ಚರಿಸುವುದು ಸಕಾರಣವಾಗಿಯೇ ಇದೆ. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ದೀಪಾವಳಿಯ ಸುರುಸುರುಬತ್ತಿಯಿಂದ ಹಾರುವ ಕಿಡಿಗಳ ಉಷ್ಣತೆ ಸಾವಿರ ಡಿಗ್ರಿಯ ಆಸುಪಾಸಿನದು. ಆದರೂ ಕಣವು ಅತಿ ಸೂಕ್ಷ್ಮವಾದುದರಿಂದ ಅದು ತರುವ ಶಾಖ ಅತ್ಯಲ್ಪ. ಅದೇ ಬತ್ತಿಯ ಉರಿದ ಕಡ್ಡಿಯನ್ನು ಮುಟ್ಟಿದರೆ ಕೈ ಸುಡುತ್ತದೆ.

ಜ್ವರ ಬಂದ ಮಗುವಿಗೆ 'ಟೆಂಪರೇಚರ್ ಇದೆ' ಎಂದು ಹೇಳುವ ರೂಢಿ ನಮ್ಮಲ್ಲಿಯೂ ನಿಂತುಬಿಟ್ಟಿದೆ. ಟೆಂಪರೇಚರು ಮಂಜುಗಡ್ಡೆಗೂ ಇದೆ! ಆ ಮಾತಿನ ತಾತ್ಪರ್ಯ ಮಗುವಿನ ಟೆಂಪರೇಚರು ಹೆಚ್ಚಾಗಿದೆ ಎಂಬುದಷ್ಟೆ.

'ಮಾಸ್' ಮತ್ತು 'ವೆಯ್ಟ್'

ವಸ್ತುವಿನಲ್ಲಿರುವ ದ್ರವ್ಯದ ಮೊತ್ತ 'ಮಾಸ್', ಕನ್ನಡದಲ್ಲಿ ದ್ರವ್ಯರಾಶಿ. ಆ ವಸ್ತುವನ್ನು ಭೂಮಿಯು ತನ್ನೆಡೆಗೆ ಸೆಳೆಯುವ ಬಲ 'ವೆಯ್ಟ್', ಎಂದರೆ ತೂಕ. ಅಂಗಡಿಯಲ್ಲಿ ಈ ಎರಡನ್ನೂ ಕಿಲೋಗ್ರಾಮಿನಲ್ಲಿಯೇ ಹೇಳುವುದರಿಂದ ಗೊಂದಲವು ಹುಟ್ಟಿಕೊಂಡಿತು. ಇದನ್ನು ನಿವಾರಿಸುವ ಸಲುವಾಗಿಯೇ ೧೯೦೧ರಲ್ಲಿ ಸೇರಿದ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು, ಕಿಲೋಗ್ರಾಂ ದ್ರವ್ಯರಾಶಿಯ ಮಾನವೆಂದೂ ತೂಕವು ಬಲದ ಜಾತಿಗೆ ಸೇರಿದ್ದೆಂದೂ ಘೋಷಿಸಬೇಕಾಯಿತು.

ಒರೆಗಲ್ಲಿಗೆ ಬರೋಣ. ೨೦೨೩ನೆಯ ಇಸವಿ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿಯಿತಷ್ಟೆ. ಅದರಿಂದ ಹೊರಬಂದ 'ಪ್ರಜ್ಞಾನ್' ಎಂಬ ಗಾಡಿಯ ದ್ರವ್ಯರಾಶಿ ೨೬ ಕಿಲೋಗ್ರಾಂ. ಬೆಂಗಳೂರಿನಲ್ಲಿದ್ದಾಗಲೂ ೨೬, ಚಂದ್ರನ ಮೇಲೆಯೂ ೨೬. ಆದರೆ ಚಂದ್ರನ ಸೆಳೆತ ಭೂಮಿಯ ಸೆಳೆತದ ಸುಮಾರು ಆರನೆಯ ಒಂದು ಪಾಲು. ಅಲ್ಲಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದ್ದರೆ ಅದರ ಮುಳ್ಳು ನಾಲ್ಕು ಕಿಲೋಗ್ರಾಮನ್ನು ದಾಟಿ ಸ್ವಲ್ಪದರಲ್ಲಿಯೇ ನಿಲ್ಲುತ್ತಿತ್ತು. ಇನ್ನು ಎರಡು ತಟ್ಟೆಯ ತಕ್ಕಡಿಯನ್ನು ಒಯ್ದು, ಒಂದು ತಟ್ಟೆಯಲ್ಲಿ ಗಾಡಿಯನ್ನೂ ಇನ್ನೊಂದರಲ್ಲಿ ಕಲ್ಲುಗಳನ್ನೂ ಇಟ್ಟಿದ್ದರೆ ಅದು ಅಲ್ಲಿಯೂ ೨೬ ಎಂದೇ ತೋರಿಸುತ್ತಿತ್ತು. ಕಲ್ಲುಗಳ ತೂಕವೂ ಅದೇ ಪ್ರಮಾಣದಲ್ಲಿ ಇಳಿದಿರುತ್ತದೆಯಲ್ಲವೆ? ಸ್ಪ್ರಿಂಗ್ ಅಳೆಯುವುದು ತೂಕವನ್ನು. ತಟ್ಟೆಯ ತಕ್ಕಡಿ ಹೋಲಿಸುವುದು ದ್ರವ್ಯರಾಶಿಯನ್ನು.

ಈ ಭೇದವನ್ನು ಕಾಣಲು ಚಂದ್ರನವರೆಗೆ ಹೋಗಬೇಕಾದುದೂ ಇಲ್ಲ. ೧೬೭೨ರಲ್ಲಿ ಜಾನ್ ರಿಶೆ ಎಂಬ ಫ್ರೆಂಚ್ ಖಗೋಳಜ್ಞನು ಪ್ಯಾರಿಸಿನಿಂದ ದಕ್ಷಿಣ ಅಮೆರಿಕದ ಕಯೆನ್ ಎಂಬ ಊರಿಗೆ ಹೋದನು. ಪ್ಯಾರಿಸಿನಲ್ಲಿ ಸರಿಯಾಗಿ ನಡೆಯುವಂತೆ ಹೊಂದಿಸಿದ ಲೋಲಕದ ಗಡಿಯಾರವು ಭೂಮಧ್ಯರೇಖೆಯ ಸಮೀಪದ ಆ ಊರಿನಲ್ಲಿ ದಿನವೊಂದಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಲೋಲಕದ ದ್ರವ್ಯವೇನೂ ಸವೆದಿರಲಿಲ್ಲ. ಅದರ ಮೇಲಿನ ಸೆಳೆತವು ಕುಗ್ಗಿತ್ತು. ಭೂಮಿಯು ತನ್ನ ಸುತ್ತ ತಾನು ತಿರುಗುವುದರಿಂದಲೂ, ನಡುವಿನಲ್ಲಿ ಉಬ್ಬಿರುವುದರಿಂದಲೂ ಹೀಗಾಗುತ್ತದೆಂದು ಬಳಿಕ ನ್ಯೂಟನ್ನನು ತೋರಿಸಿಕೊಟ್ಟನು. ಧ್ರುವಕ್ಕೂ ಭೂಮಧ್ಯರೇಖೆಗೂ ತೂಕದಲ್ಲಿರುವ ಅಂತರ ಸುಮಾರು ನೂರಕ್ಕೆ ಅರ್ಧದಷ್ಟು.

'ಸ್ಪೀಡ್' ಮತ್ತು 'ವೆಲಾಸಿಟಿ'

ಕನ್ನಡದ ಪಠ್ಯಪುಸ್ತಕಗಳು 'ಸ್ಪೀಡ್' ಎಂಬುದನ್ನು ಜವವೆಂದೂ 'ವೆಲಾಸಿಟಿ'ಯನ್ನು ವೇಗವೆಂದೂ ವಿಂಗಡಿಸಿವೆ. ಕಾಲದ ಒಂದು ಘಟಕದಲ್ಲಿ ಎಷ್ಟು ದೂರ ಸಾಗಿತೆಂಬುದು ಜವ. ಆ ಜವದೊಡನೆ ಯಾವ ದಿಕ್ಕಿಗೆ ಎಂಬುದೂ ಸೇರಿದರೆ ವೇಗ. ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಹಿಂದಿರುಗಿದ ಬಸ್ಸೊಂದು ಒಟ್ಟು ೨೮೦ ಕಿಲೋಮೀಟರನ್ನು ಏಳು ಗಂಟೆಗಳಲ್ಲಿ ಕ್ರಮಿಸಿತೆಂದುಕೊಳ್ಳೋಣ. ಅದರ ಸರಾಸರಿ ಜವ ಗಂಟೆಗೆ ೪೦ ಕಿಲೋಮೀಟರು. ಹೊರಟ ಸ್ಥಳಕ್ಕೇ ಬಂದು ನಿಂತುದರಿಂದ ಸರಾಸರಿ ವೇಗ ಸೊನ್ನೆ!

ಈ ಮಾತು ಬರಿಯ ಚಮತ್ಕಾರವೆಂದು ತೋರಬಹುದು. ಆದರೆ ಆಗುಂಬೆಯ ಘಟ್ಟದ ತಿರುವಿನಲ್ಲಿ ಇದು ಪ್ರಾಣದ ಪ್ರಶ್ನೆಯಾಗುತ್ತದೆ. ತಿರುವಿನುದ್ದಕ್ಕೂ ಚಾಲಕನ ಎದುರಿನ ಮುಳ್ಳು ೩೦ರಲ್ಲಿಯೇ ನಿಂತಿದೆಯೆನ್ನೋಣ. ಜವ ಬದಲಾಗಲಿಲ್ಲ, ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತಿರುವುದರಿಂದ ವೇಗವು ಬದಲಾಗುತ್ತಲೇ ಇದೆ. ವೇಗವನ್ನು ಬದಲಿಸಲು ಬಲವೊಂದು ಬೇಕು. ಆ ಬಲವನ್ನು ಒದಗಿಸತಕ್ಕದ್ದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ತಿರುವು ಅದೇ ಇದ್ದು ಜವವು ೩೦ರಿಂದ ೬೦ಕ್ಕೆ ಏರಿದರೆ ಬೇಕಾಗುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಮಳೆಯಲ್ಲಿ ನೆನೆದ ರಸ್ತೆಗೆ ಅಷ್ಟು ಹಿಡಿತವಿರದು. ಮುಳ್ಳು ಕದಲದಿರುವುದನ್ನೇ ನೋಡಿ, ಏನೂ ಬದಲಾಗುತ್ತಿಲ್ಲವೆಂದು ಭಾವಿಸಿದವನು ವೇಗವನ್ನೂ ಜವವನ್ನೂ ಒಂದೆಂದು ಬಗೆದವನು.

'ಎನರ್ಜಿ' ಮತ್ತು 'ಪವರ್'

ಇಂದಿನ ಅರ್ಥದಲ್ಲಿ 'ಎನರ್ಜಿ' ಎಂಬ ಪದವನ್ನು ಬಳಕೆಗೆ ತಂದವನು ಥಾಮಸ್ ಯಂಗ್. ೧೮೦೭ರಲ್ಲಿ ಅಚ್ಚಾದ ಆತನ ಉಪನ್ಯಾಸಗಳಲ್ಲಿ ಅದನ್ನು ಕಾಣುತ್ತೇವೆ. 'ಎನರ್ಜಿ' ಎಂದರೆ ಶಕ್ತಿ, ಕೆಲಸ ಮಾಡಬಲ್ಲ ಮೊತ್ತ. 'ಪವರ್' ಎಂದರೆ ಸಾಮರ್ಥ್ಯ, ಆ ಕೆಲಸವು ನಡೆಯುವ ದರ. ಇಪ್ಪತ್ತು ಲೀಟರು ನೀರನ್ನು ಐದು ಮೀಟರು ಎತ್ತರದ ತೊಟ್ಟಿಗೆ ಏರಿಸಲು ಬೇಕಾದ ಶಕ್ತಿ ಸುಮಾರು ೯೮೦ ಜೂಲ್. ಬಲಿಷ್ಠನೊಬ್ಬನು ಹತ್ತು ಸೆಕೆಂಡಿನಲ್ಲಿ ಏರಿಸಿದರೂ ಅಷ್ಟೆ, ದುರ್ಬಲನೊಬ್ಬನು ಒಂದು ನಿಮಿಷ ತೆಗೆದುಕೊಂಡರೂ ಅಷ್ಟೆ. ಆದರೆ ಮೊದಲಿನವನ ಸಾಮರ್ಥ್ಯ ೯೮ ವಾಟ್. ಎರಡನೆಯವನದು ಸುಮಾರು ೧೬ ವಾಟ್. ಶಕ್ತಿ ಒಂದೇ ಆಗಿದ್ದು ಸಾಮರ್ಥ್ಯವು ಬದಲಾಯಿತು.

ಮನೆಗೆ ಬರುವ ವಿದ್ಯುತ್ತಿನ ಬಿಲ್ಲಿನಲ್ಲಿ 'ಯೂನಿಟ್' ಎಂದು ಕಾಣುವುದು ಕಿಲೋವಾಟ್-ಗಂಟೆ; ಅದು ಶಕ್ತಿಯ ಅಳತೆ. ಸಾವಿರ ವಾಟಿನ ನೀರು ಕಾಯಿಸುವ ಹೀಟರು ಒಂದು ಗಂಟೆ ನಡೆದರೆ ಒಂದು ಯೂನಿಟ್. ಹತ್ತು ವಾಟಿನ ದೀಪವು ನೂರು ಗಂಟೆ ಉರಿದರೂ ಒಂದೇ ಯೂನಿಟ್. ಮಿತವ್ಯಯ ಮಾಡಬಯಸುವವರು ದೀಪವನ್ನಾರಿಸುವುದು ಒಳ್ಳೆಯದೇ. ಆದರೆ ಹೀಟರನ್ನು ಮರೆತು ದೀಪವನ್ನು ಮಾತ್ರ ಆರಿಸಿದರೆ ಲಾಭ ಅತಿ ಸ್ವಲ್ಪ.

ಸಾರ್ವಜನಿಕ ವಿಷಯಗಳಲ್ಲಿಯೂ ಈ ವಿವೇಚನೆ ಅಗತ್ಯ. ತುಮಕೂರು ಜಿಲ್ಲೆಯ ಪಾವಗಡದ ಸೌರ ವಿದ್ಯುತ್ ಸ್ಥಾವರವು ೨,೦೫೦ ಮೆಗಾವಾಟಿನದು. ಇದು ಸಾಮರ್ಥ್ಯವನ್ನು ಹೇಳುವ ಸಂಖ್ಯೆ. ಪ್ರಖರವಾದ ಬಿಸಿಲಿನಲ್ಲಿ ಎಷ್ಟು ದರದಲ್ಲಿ ಶಕ್ತಿಯನ್ನು ಕೊಡಬಲ್ಲುದೆಂಬುದರ ಸೂಚನೆ. ವರ್ಷಕ್ಕೆ ಒಟ್ಟು ಎಷ್ಟು ಶಕ್ತಿ ದೊರೆಯಿತೆಂಬುದು ಬೇರೆಯೇ ಸಂಗತಿ. ಅದು ಮೋಡ, ಋತು, ಹಗಲಿನ ಉದ್ದ ಇವನ್ನು ಅವಲಂಬಿಸಿದೆ. ಒಂದೇ ಮೆಗಾವಾಟ್ ಸಂಖ್ಯೆಯ ಸೌರಸ್ಥಾವರವನ್ನೂ ಹಗಲಿರುಳೆನ್ನದೆ ನಡೆಯಬಲ್ಲ ಸ್ಥಾವರವನ್ನೂ ಸಮಾನವೆಂದು ಎಣಿಸುವುದು ದರವನ್ನೂ ಮೊತ್ತವನ್ನೂ ಬೆರೆಸಿದಂತೆ.

'ಅಕ್ಯುರಸಿ' ಮತ್ತು 'ಪ್ರಿಸಿಷನ್'

ಪ್ರಯೋಗಶಾಲೆಯಲ್ಲಿ ಅತಿ ಹೆಚ್ಚಾಗಿ ಬೆರೆತುಹೋಗುವ ಜೋಡಿ ಇದು. ಅಳತೆಯು ನಿಜವಾದ ಬೆಲೆಗೆ ಎಷ್ಟು ಸಮೀಪವೆಂಬುದು 'ಅಕ್ಯುರಸಿ'. ಇದನ್ನು ಯಥಾರ್ಥತೆ ಎನ್ನೋಣ. ಮತ್ತೆ ಮತ್ತೆ ಅಳೆದಾಗ ಬರುವ ಉತ್ತರಗಳು ಒಂದಕ್ಕೊಂದು ಎಷ್ಟು ಸಮೀಪವೆಂಬುದು 'ಪ್ರಿಸಿಷನ್'. ಇದನ್ನು ಏಕರೂಪತೆ ಎನ್ನೋಣ. ಯಾವಾಗಲೂ ಸರಿಯಾಗಿ ಹತ್ತು ನಿಮಿಷ ಮುಂದೆ ಇರುವ ಗಡಿಯಾರದಲ್ಲಿ ಏಕರೂಪತೆ ಪೂರ್ಣವಾಗಿದೆ, ಯಥಾರ್ಥತೆ ಇಲ್ಲ.

ಇದರ ಅತ್ಯಂತ ದುಬಾರಿಯಾದ ನಿದರ್ಶನವು ೧೯೯೦ರ ಏಪ್ರಿಲ್ ತಿಂಗಳಲ್ಲಿ ಆಕಾಶಕ್ಕೇರಿತು. ಹಬಲ್ ಅಂತರಿಕ್ಷ ದೂರದರ್ಶಕದ ಮುಖ್ಯ ಕನ್ನಡಿಯ ವ್ಯಾಸ ೨.೪ ಮೀಟರು. ಅಷ್ಟು ನಯವಾಗಿ ಉಜ್ಜಿದ ದೊಡ್ಡ ಕನ್ನಡಿಗಳು ಅಂದಿಗೆ ಅತಿ ವಿರಳ. ಆದರೆ ದೂರದರ್ಶಕವು ಕಳುಹಿಸಿದ ಚಿತ್ರಗಳು ಮಸುಕಾಗಿದ್ದುವು. ವಿಚಾರಣೆ ನಡೆಸಿದಾಗ ಕನ್ನಡಿಯ ಅಂಚು ಇರಬೇಕಾದುದಕ್ಕಿಂತ ಸುಮಾರು ೨.೨ ಮೈಕ್ರಾನಿನಷ್ಟು, ಎಂದರೆ ತಲೆಗೂದಲಿನ ದಪ್ಪದ ಐವತ್ತರಲ್ಲಿ ಒಂದು ಪಾಲಿನಷ್ಟು, ಚಪ್ಪಟೆಯಾಗಿದ್ದುದು ಹೊರಬಿದ್ದಿತು. ಉಜ್ಜುವಾಗ ಕನ್ನಡಿಯ ಆಕಾರವನ್ನು ಪರೀಕ್ಷಿಸುತ್ತಿದ್ದ ಉಪಕರಣದಲ್ಲಿ ಒಂದು ಮಸೂರವು ೧.೩ ಮಿಲಿಮೀಟರು ತಪ್ಪಾದ ಸ್ಥಾನದಲ್ಲಿ ಕುಳಿತಿತ್ತು. ಆ ಉಪಕರಣವು ಪ್ರತಿಸಲವೂ ಒಂದೇ ಉತ್ತರವನ್ನು ಕೊಟ್ಟಿತು. ಪ್ರತಿಸಲವೂ ಅದೇ ತಪ್ಪು ಉತ್ತರವನ್ನು ಕೊಟ್ಟಿತು. ಕುಶಲಿಗಳು ಕನ್ನಡಿಯನ್ನು ತಪ್ಪು ಆಕಾರಕ್ಕೆ ಪರಮ ನಯದಿಂದ ಉಜ್ಜಿದರು.

ಇದರಲ್ಲಿ ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಸರಳವಾದ ಬೇರೆ ಉಪಕರಣಗಳು ದೋಷದ ಸುಳಿವನ್ನು ಕೊಟ್ಟಿದ್ದುವು. ಅವು ಕೆಳದರ್ಜೆಯವೆಂದು ಅವುಗಳ ಸಾಕ್ಷ್ಯವನ್ನು ಬದಿಗೆ ಸರಿಸಲಾಯಿತು. ಕೊನೆಗೆ ೧೯೯೩ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಅಲ್ಲಿಗೇ ಹೋಗಿ, ದೋಷವನ್ನು ಸರಿದೂಗಿಸುವ ದೃಗುಪಕರಣಗಳನ್ನು ಜೋಡಿಸಿ ಬಂದರು. ಉತ್ತರಗಳು ಪರಸ್ಪರ ಒಪ್ಪುತ್ತವೆ ಎಂಬ ಕಾರಣದಿಂದಲೇ ಅವು ನಿಜವೆಂದು ನಂಬಲಾಗದು. ಬೇರೆ ಮಾರ್ಗದಿಂದಲೂ ಅಳೆದು ನೋಡತಕ್ಕದ್ದು.

'ಮೆಲ್ಟ್' ಮತ್ತು 'ಡಿಸಾಲ್ವ್'

ಈ ಜೋಡಿಯಲ್ಲಿ ತೊಡಕು ಬಂದದ್ದು ಕನ್ನಡದ ಕಡೆಯಿಂದ. ಬೆಣ್ಣೆ ಕರಗುತ್ತದೆ, ಮಂಜುಗಡ್ಡೆ ಕರಗುತ್ತದೆ, ಸಕ್ಕರೆಯೂ ನೀರಿನಲ್ಲಿ ಕರಗುತ್ತದೆ. ನಮಗೆ ಮೂರಕ್ಕೂ ಒಂದೇ ಕ್ರಿಯಾಪದ. ಹೀಗಾಗಿ ಸಕ್ಕರೆಯು ಕಾಫಿಯಲ್ಲಿ 'ಮೆಲ್ಟ್' ಆಯಿತೆಂದು ವಿದ್ಯಾರ್ಥಿಗಳು ಬರೆಯುವುದು ಸಹಜ.

ಇಲ್ಲಿ ಒರೆಗಲ್ಲಿನ ಪ್ರಶ್ನೆಯನ್ನು ಸ್ವಲ್ಪ ಮಾರ್ಪಡಿಸಿ, ಒಂದು ಕ್ರಿಯೆ ನಡೆಯದೆಯೇ ಇನ್ನೊಂದು ನಡೆಯಬಲ್ಲುದೆ ಎಂದು ಕೇಳಬೇಕು. ಅಡಿಗೆಯ ಉಪ್ಪನ್ನು 'ಮೆಲ್ಟ್' ಮಾಡಬೇಕಾದರೆ ಅದನ್ನು ೮೦೧ ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಬೇಕು. ಅದಕ್ಕೆ ಬೇರೊಂದು ವಸ್ತುವಿನ ನೆರವು ಬೇಡ, ಕೇವಲ ಶಾಖ ಸಾಕು. ಅದೇ ಉಪ್ಪು ತಣ್ಣೀರಿನಲ್ಲಿ ಯಾವ ಒಲೆಯೂ ಇಲ್ಲದೆ 'ಡಿಸಾಲ್ವ್' ಆಗುತ್ತದೆ. ಅದಕ್ಕೆ ಬೇಕಾದುದು ಎರಡನೆಯ ವಸ್ತುವಾದ ನೀರು. ಮೊದಲನೆಯದು ಏಕಾಕಿಯ ಕ್ರಿಯೆ, ಎರಡನೆಯದು ಇಬ್ಬರು ಕೂಡಿ ನಡೆಸುವ ಕ್ರಿಯೆ. ಮೊದಲನೆಯದಕ್ಕೆ ನಿಯತವಾದ ಉಷ್ಣತೆ ಉಂಟು. ಎರಡನೆಯದಕ್ಕೆ ಮಿತಿಯುಂಟು, ಏಕೆಂದರೆ ನೂರು ಗ್ರಾಂ ನೀರು ಸುಮಾರು ೩೬ ಗ್ರಾಮಿಗಿಂತ ಹೆಚ್ಚು ಉಪ್ಪನ್ನು ತನ್ನಲ್ಲಿ ಸೇರಿಸಿಕೊಳ್ಳದು. ಕನ್ನಡದಲ್ಲಿ ಈ ಭೇದವನ್ನು ತೋರಿಸಬೇಕಾದಾಗ ಮೊದಲನೆಯದನ್ನು ದ್ರವಿಸುವುದೆಂದೂ ಎರಡನೆಯದನ್ನು ವಿಲೀನವಾಗುವುದೆಂದೂ ಹೇಳಬಹುದು.

'ಗ್ಯಾಸ್' ಮತ್ತು 'ವೇಪರ್'

ಅನಿಲವನ್ನೂ ಆವಿಯನ್ನೂ ಬೇರ್ಪಡಿಸುವ ಗೆರೆಯನ್ನು ಎಳೆದವನು ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್. ೧೮೬೯ರಲ್ಲಿ ಆತನು ಪ್ರಕಟಿಸಿದ ಪ್ರಯೋಗಗಳಂತೆ, ಇಂಗಾಲದ ಡೈಆಕ್ಸೈಡನ್ನು ಸುಮಾರು ೩೧ ಡಿಗ್ರಿಗಿಂತ ಕೆಳಗೆ ಬರಿಯ ಒತ್ತಡದಿಂದಲೇ ದ್ರವವಾಗಿಸಬಹುದು. ಅದಕ್ಕಿಂತ ಮೇಲೆ ಎಷ್ಟೇ ಒತ್ತಿದರೂ ಅದು ದ್ರವವಾಗದು. ಈ ಗಡಿಯನ್ನು ಸಂಧಿ ಉಷ್ಣತೆಯೆನ್ನುತ್ತಾರೆ. ಗಡಿಯ ಕೆಳಗಿದ್ದರೆ 'ವೇಪರ್', ಮೇಲಿದ್ದರೆ 'ಗ್ಯಾಸ್' ಎಂಬುದು ಕಟ್ಟುನಿಟ್ಟಾದ ಪ್ರಯೋಗ.

ನಾವು ಅಡಿಗೆಮನೆಯಲ್ಲಿ 'ಗ್ಯಾಸ್' ಎಂದು ಕರೆಯುವುದರ ಮುಖ್ಯ ಘಟಕಗಳಾದ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಸಂಧಿ ಉಷ್ಣತೆಗಳು ಕ್ರಮವಾಗಿ ಸುಮಾರು ೯೭ ಮತ್ತು ೧೫೨ ಡಿಗ್ರಿ. ಆದುದರಿಂದ ನಮ್ಮ ಮನೆಯ ಉಷ್ಣತೆಯಲ್ಲಿ ಅದು ಸಿಲಿಂಡರಿನೊಳಗೆ ದ್ರವವಾಗಿ ನಿಂತಿದೆ. ದ್ರವದ ಮೇಲಿನ ಆವಿಯೇ ಒಲೆಗೆ ಬರುವುದು. ವಾಹನಗಳಲ್ಲಿ ತುಂಬುವ ಸಿಎನ್‌ಜಿಯ ಮುಖ್ಯಾಂಶವಾದ ಮೀಥೇನಿನ ಸಂಧಿ ಉಷ್ಣತೆಯೋ ಸೊನ್ನೆಗಿಂತ ಸುಮಾರು ೮೩ ಡಿಗ್ರಿ ಕೆಳಗೆ. ವಾಯುಮಂಡಲದ ಒತ್ತಡದ ಇನ್ನೂರು ಪಟ್ಟಿನಷ್ಟು ಒತ್ತಿ ತುಂಬಿದರೂ ಅದು ಅನಿಲವಾಗಿಯೇ ಉಳಿಯುತ್ತದೆ.

ಇದರ ಫಲವನ್ನು ನೋಡಿರಿ. ಸಿಎನ್‌ಜಿ ಖರ್ಚಾದಂತೆ ತೊಟ್ಟಿಯ ಒತ್ತಡ ಇಳಿಯುತ್ತ ಬರುವುದರಿಂದ, ಎಷ್ಟು ಉಳಿದಿದೆಯೆಂದು ಒತ್ತಡಮಾಪಕವೇ ಹೇಳುತ್ತದೆ. ಅಡಿಗೆಯ ಸಿಲಿಂಡರಿನಲ್ಲಿ ಹಾಗಲ್ಲ. ದ್ರವವು ಒಂದಿಷ್ಟಾದರೂ ಉಳಿದಿರುವವರೆಗೆ ಆವಿಯ ಒತ್ತಡವು ಉಷ್ಣತೆಯನ್ನೇ ಮುಖ್ಯವಾಗಿ ಅವಲಂಬಿಸಿರುತ್ತದೆ. ಮೊತ್ತ ಕುಗ್ಗಿದರೂ ಒತ್ತಡವು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಆದಕಾರಣ ೧೪.೨ ಕಿಲೋಗ್ರಾಮಿನ ಸಿಲಿಂಡರನ್ನು ತೂಗಿಯೇ ತಿಳಿಯಬೇಕು. ಇನ್ನೊಂದು ಎಚ್ಚರಿಕೆಯೂ ಉಂಟು. ಅಡಿಗೆಯ ಅನಿಲದ ಆವಿಯು ಗಾಳಿಗಿಂತ ಭಾರವಾದುದು. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದೊಡನೆ ವಿದ್ಯುತ್ ಗುಂಡಿಗಳನ್ನು ಮುಟ್ಟದೆ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆಯಬೇಕು.

ವಿರುದ್ಧವೆಂದು ತೋರಿ ಒಂದೇ ಆಗಿರುವ ಪದಗಳು

ಒರೆಗಲ್ಲು ಕೆಲವೊಮ್ಮೆ ಬೇರೆಯೆಂದು ತೋರುವ ಪದಗಳನ್ನು ಒಂದೆಂದು ಸಾರುವುದೂ ಉಂಟು. ಪೆಟ್ರೋಲಿನ ಟ್ಯಾಂಕರ್ ಲಾರಿಗಳ ಹಿಂದೆ 'ಇನ್‌ಫ್ಲೇಮಬಲ್' ಎಂದು ಬರೆದಿರುವುದನ್ನು ಕಾಣುತ್ತೇವೆ. 'ಫ್ಲೇಮಬಲ್' ಎಂದರೆ ಬೇಗ ಹತ್ತಿ ಉರಿಯುವಂಥದು. 'ಇನ್' ಎಂಬ ಉಪಸರ್ಗವು 'ಇನ್‌ಕರೆಕ್ಟ್' ಎಂಬಲ್ಲಿ ನಿಷೇಧಾರ್ಥವನ್ನು ಕೊಡುವುದರಿಂದ, 'ಇನ್‌ಫ್ಲೇಮಬಲ್' ಎಂದರೆ ಉರಿಯದಿರುವುದೆಂದು ಊಹಿಸಿದವನ ತರ್ಕ ಕೆಟ್ಟದ್ದಲ್ಲ. ಆದರೆ ಊಹೆ ತಪ್ಪು. ಇಲ್ಲಿಯ ಉಪಸರ್ಗವು 'ಒಳಗೆ' ಎಂಬ ಅರ್ಥದ ಲ್ಯಾಟಿನ್ ಉಪಸರ್ಗ. ಒಂದು ದ್ರವವು 'ಫ್ಲೇಮಬಲ್' ಆಗಿದ್ದು 'ಇನ್‌ಫ್ಲೇಮಬಲ್' ಆಗದಿರುವ ನಿದರ್ಶನ ಎಲ್ಲಿಯೂ ದೊರೆಯದು, ಎರಡೂ ಒಂದೇ. ತಪ್ಪು ತಿಳಿವಳಿಕೆಯಿಂದ ಅಪಘಾತವಾಗಬಾರದೆಂದು ಅಮೆರಿಕದ ಅಗ್ನಿರಕ್ಷಣಾ ತಜ್ಞರು ೧೯೨೦ರ ದಶಕದಿಂದಲೇ ಚಿಕ್ಕ ಪದವನ್ನು ಬಳಸುವಂತೆ ಒತ್ತಾಯಿಸುತ್ತ ಬಂದರು.

ಅದೇ ದೇಶದ ಬೆಂಜಮಿನ್ ಲೀ ವೋರ್ಫ್ ಭಾಷಾಶಾಸ್ತ್ರಜ್ಞನೆಂದು ಪ್ರಸಿದ್ಧನು. ವೃತ್ತಿಯಿಂದ ಆತನು ಅಗ್ನಿವಿಮಾ ಸಂಸ್ಥೆಯೊಂದರ ಎಂಜಿನಿಯರು. ೧೯೪೧ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಆತನು 'ಎಂಪ್ಟಿ' ಎಂಬ ಸಣ್ಣ ಪದದ ಅಪಾಯವನ್ನು ವಿವರಿಸಿದ್ದಾನೆ. ಪೆಟ್ರೋಲು ತುಂಬಿದ ಪೀಪಾಯಿಗಳ ಬಳಿ ಜನರು ಬಹಳ ಎಚ್ಚರದಿಂದಿರುತ್ತಾರೆ. 'ಎಂಪ್ಟಿ' ಎಂಬ ಹೆಸರಿನ ಪೀಪಾಯಿಗಳ ಬಳಿಯೋ ನಿಶ್ಚಿಂತೆಯಿಂದ ಸಿಗರೇಟು ಸೇದುತ್ತಾರೆ. ವಾಸ್ತವದಲ್ಲಿ ಖಾಲಿಯಾದದ್ದು ದ್ರವ ಮಾತ್ರ. ಒಳಗೆ ಗಾಳಿಯೊಡನೆ ಬೆರೆತ ಆವಿಯು ಸಿಡಿಯಲು ಕಾದಿರುತ್ತದೆ. ಖಾಲಿ ಪೀಪಾಯಿಯೇ ಹೆಚ್ಚು ಅಪಾಯಕರ. ದ್ರವವಿಲ್ಲದಿರುವುದು ಬೇರೆ, ಏನೂ ಇಲ್ಲದಿರುವುದು ಬೇರೆ.

ವಾಚಕರ ಅಭ್ಯಾಸಕ್ಕೆ

ಇಂಗ್ಲಿಷ್ ಪದಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳುವ ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆ. ಪದದ ಎದುರು ನಿಘಂಟಿನ ಅರ್ಥವನ್ನಷ್ಟೇ ಬರೆಯದೆ, ಅದರ ಜೋಡಿಪದದಿಂದ ಅದು ಬೇರ್ಪಟ್ಟು ನಿಲ್ಲುವ ಒಂದು ಸಂದರ್ಭವನ್ನೂ ಬರೆದುಕೊಳ್ಳಬೇಕು: 'ಹೀಟ್' ಎಂಬುದರ ಎದುರು ಕರಗುವ ಮಂಜುಗಡ್ಡೆ, 'ವೆಲಾಸಿಟಿ'ಯ ಎದುರು ಘಟ್ಟದ ತಿರುವು, 'ಅಕ್ಯುರಸಿ'ಯ ಎದುರು ಹಬಲ್‌ನ ಕನ್ನಡಿ. ಕನ್ನಡದಲ್ಲಿ ಓದುವವರಿಗೂ ಇದು ಸಲ್ಲುತ್ತದೆ. ಜವ ಮತ್ತು ವೇಗ, ಶಕ್ತಿ ಮತ್ತು ಸಾಮರ್ಥ್ಯ ಎಂಬ ಹೆಸರುಗಳನ್ನು ಟಂಕಿಸಿದ ಮಾತ್ರಕ್ಕೆ ಭೇದವು ಮನಸ್ಸಿಗೆ ಹತ್ತುವುದಿಲ್ಲ.

ಇನ್ನು ಮೂರು ಜೋಡಿಗಳನ್ನು ವಾಚಕರೇ ಒರೆಗೆ ಹಚ್ಚಬಹುದು. 'ಫೋರ್ಸ್' ಮತ್ತು 'ಪ್ರೆಷರ್': ಅದೇ ಕೈಯ ಅದೇ ಬಲಕ್ಕೆ ಮೊಂಡಾದ ಈಳಿಗೆಮಣೆ ಬಗ್ಗದು, ಸಾಣೆ ಹಿಡಿದದ್ದು ಕತ್ತರಿಸುತ್ತದೆ; ಬದಲಾದದ್ದು ಯಾವುದು? 'ಹಾರ್ಡ್' ಮತ್ತು 'ಟಫ್': ವಜ್ರವನ್ನು ಉಕ್ಕು ಗೀಚಲಾರದು, ಆದರೆ ಉಕ್ಕಿನ ಸುತ್ತಿಗೆಯ ಏಟಿಗೆ ವಜ್ರವು ಒಡೆಯಬಲ್ಲುದು. 'ವೆದರ್' ಮತ್ತು 'ಕ್ಲೈಮೇಟ್': ಮೊದಲನೆಯದು ಬೆಳಗಿಗೊಂದು ಸಂಜೆಗೊಂದು ಆಗಬಹುದು, ಎರಡನೆಯದನ್ನು ಹೇಳಲು ಹವಾಶಾಸ್ತ್ರಜ್ಞರು ಸಾಮಾನ್ಯವಾಗಿ ಮೂವತ್ತು ವರ್ಷಗಳ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಎರಡಕ್ಕೂ ಹವಾಮಾನ ಎಂಬ ಒಂದೇ ಪದ ಬಳಕೆಯಲ್ಲಿದೆ. ಭೂಗೋಳ ಪುಸ್ತಕಗಳಲ್ಲಿರುವ 'ವಾಯುಗುಣ' ಎಂಬ ಪದವನ್ನು ಎರಡನೆಯದಕ್ಕೆ ಬಳಕೆಗೆ ತಂದರೆ, ಒಂದು ದಿನದ ಚಳಿಯನ್ನು ನೋಡಿ ಭೂಮಿಯು ಬಿಸಿಯಾಗುತ್ತಿಲ್ಲವೆಂದು ವಾದಿಸುವವರಿಗೆ ಉತ್ತರ ಕೊಡುವುದು ಸುಲಭವಾದೀತು.